ಎರಿ ಸೀಮೆಯ ಕೊಡದಲ್ಲಿ ಕನಕುಂಬಿಯ ಸೆಲೆ

ನವಲಗುಂದದ ಕಡೆ ನೀರಿನ ಗುಣ ಗೊತ್ತಾಗುವುದು ಒಲೆಯ ಮೇಲೆ. ತೊಗರಿಬೇಳೆಯನ್ನು ಬೋರಿನ ನೀರಿಗೆ ಹಾಕಿ ಇಟ್ಟರೆ ಕುದಿ ಬರುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಉರುವಲು ತೀರಿದರೂ ಕಾಳು ಕಾಳಾಗಿಯೇ ಉಳಿದಿರುತ್ತದೆ. ಅದೇ ಬೇಳೆ ಕೆರೆಯ ನೀರಿಗೆ ಬಿದ್ದರೆ ಬೇಗ ಕರಗಿ ಕಟ್ಟಾಗುತ್ತದೆ. ‘ಬ್ಯಾಳಿ ಕುದಿಯೂ ನೀರು’ ಎಂದರೆ ಸಿಹಿನೀರು. ಬೇಳೆ ಕುದಿಯದಿದ್ದರೆ, ಸಬಕಾರ ನೊರೆ ಬಿಡದಿದ್ದರೆ ಅದು ಸವಳು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಹೆಸರನ್ನೇ ಕೇಳದ ಅಜ್ಜಿಯರು ನೀರಿನ ಗಡಸುತನವನ್ನು ಹೀಗೆ ಅಳೆದರು. ಅವರ ಅಳತೆ ತಪ್ಪಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನೊಳಗಿನ ಪೆಕ್ಟಿನ್ ಎಂಬ ಅಂಟಿನೊಂದಿಗೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಅದು ಮೆತ್ತಗಾಗಲು ಒಲ್ಲೆನ್ನುತ್ತದೆ.

ತಿರ್ಲಾಪುರ ಈ ತಾಲೂಕಿನ ಒಂದು ಹಳ್ಳಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರಿ ಭೂಮಿ. ಹೆಸರು, ಕಡಲೆ, ಹತ್ತಿ, ಬಿಳಿಜೋಳ, ಉಳ್ಳಾಗಡ್ಡಿ ಬೆಳೆಯುವ ನೆಲ. ಬಂಡೆಯ ಸಂದಿನಿಂದ ನೀರು ಜಿನುಗುವ ಸದ್ದನ್ನು ಈ ಬಯಲಿನಲ್ಲಿ ಯಾರೂ ಕೇಳಿದ್ದಿಲ್ಲ. ನೆಲದಿಂದ ತಾನಾಗಿ ಉಕ್ಕುವ ಕುಡಿಯುವ ನೀರಿನ ಬಗ್ಗೆ ಬರೆಯಲು ಹೊರಟವನು ಇಂಥ ಊರಿನಿಂದ ಯಾಕೆ ಶುರು ಮಾಡಬೇಕು? ಇಲ್ಲಿಯ ಕೊಡಗಳಿಗೆ ಬೀಳುವ ಸಿಹಿನೀರಿನ ಬುಡವನ್ನು ಹುಡುಕುತ್ತ ಹೋದರೆ ಕಾಲುವೆ, ಜಲಾಶಯ, ಹೊಳೆ ಎಲ್ಲ ದಾಟಿ ಕೊನೆಗೆ ಖಾನಾಪುರದ ಕಾಡಿನ ಸೆಲೆಗಳ ಮುಂದೆ ಹೋಗಿ ನಿಲ್ಲುತ್ತೇವೆ. ಈ ಸೀಮೆಯ ರೈತರು ದಶಕಗಳಿಂದ ಬೀದಿಯಲ್ಲಿ ಕೂತು ಕೇಳುತ್ತಿರುವುದೂ ಸೆಲೆಯ ನೀರನ್ನೇ. ಟಿಎಂಸಿ, ನ್ಯಾಯಮಂಡಳಿ, ಅಧಿಸೂಚನೆ ಎಂಬ ಮಾತುಗಳಲ್ಲಿ ನಮಗೆ ಆ ಸೆಲೆ ಮರೆತುಹೋಗಿದೆ. ಅದನ್ನು ನೆನಪಿಸಲಿಕ್ಕೆಂದೇ ಈ ಬರಹ.

ಉಕ್ಕುವ ನೀರಿಗೆ ಕನ್ನಡದಲ್ಲಿ ಸೀಮೆಗೊಂದು ಹೆಸರಿದೆ. ಸೆಲೆ, ಒರತೆ, ಬುಗ್ಗೆ, ಝರಿ, ಹಳೇ ಮೈಸೂರಿನ ಊಟೆ, ಮಲೆನಾಡಿನ ಅಬ್ಬಿ. ನಮ್ಮ ಕಡೆಯ ಮಾತು ವರ್ತಿ. ಬಾವಿ ತೋಡುವಾಗ ‘ಜಲ ಬಿತ್ತು’ ಎನ್ನುತ್ತಾರಲ್ಲ, ಆ ಜಲವೂ ಇದೇ ಕುಲದ್ದು. ಒಂದೇ ಸಂಗತಿಗೆ ಇಷ್ಟು ಹೆಸರು ಹುಟ್ಟಬೇಕಾದರೆ ಅದರ ಮೇಲೆ ಜೀವ ಇಟ್ಟುಕೊಂಡ ಜನ ಅಷ್ಟು ಕಡೆ ಇದ್ದಿರಬೇಕು.

ವರ್ತಿ ಬಯಲುಸೀಮೆಯ ಸೆಲೆ. ಬೇಸಿಗೆಯಲ್ಲಿ ಹಳ್ಳದ ಮೇಲಿನ ಹರಿವು ನಿಂತ ಮೇಲೂ ಉಸುಕಿನ ಅಡಿಯಲ್ಲಿ ನೀರು ಮೆಲ್ಲಗೆ ಸಾಗುತ್ತಿರುತ್ತದೆ. ಹೆಣ್ಣುಮಕ್ಕಳು ಉಸುಕು ಬಗೆದು ಮೊಣಕಾಲುದ್ದದ ಗುಂಡಿ ಮಾಡುತ್ತಾರೆ. ಮೊದಲು ಬಂದ ಕದಡು ನೀರನ್ನು ಹೊರಚೆಲ್ಲಿ, ತಿಳಿ ಬರುವವರೆಗೆ ಕಾದು ಕೂರುತ್ತಾರೆ. ಆಮೇಲೆ ಚರಿಗೆಯಿಂದ ಒಂದೊಂದೇ ಬಾರಿ ಮೊಗೆದು ಕೊಡ ತುಂಬುತ್ತಾರೆ. ಒಬ್ಬಳ ಕೊಡ ತುಂಬಿದ ಮೇಲೆ ಮುಂದಿನವಳು ನೀರು ಮತ್ತೆ ಊರಲು ಕಾಯಬೇಕು. ನಾನು ಚಿಕ್ಕವನಿದ್ದಾಗ ವರ್ತಿಯ ಪಕ್ಕ ಕೂತು ಕಾಯುವುದೇ ಒಂದು ಕೆಲಸವಾಗಿತ್ತು. ನೀರು ಗುಂಡಿಯ ತಳದಿಂದ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಏರುತ್ತಿತ್ತು. ಉಸುಕಿನ ಒಂದು ಕಾಳು ಅಲುಗಿದಾಗ ಮಾತ್ರ ನೀರು ಬರುವ ಕಡೆ ಯಾವುದೆಂದು ತಿಳಿಯುತ್ತಿತ್ತು. ಉಸುಕೇ ಅಲ್ಲಿ ಸೋಸುವ ಅರಿವೆ. ಅದನ್ನು ಲಾರಿಗೆ ತುಂಬಿ ಸಾಗಿಸಿದ ಹಳ್ಳಗಳಲ್ಲಿ ಈಗ ಗುಂಡಿ ತೋಡಿದರೆ ಕೈಗೆ ಸಿಗುವುದು ರಾಡಿ.

ಹಳ್ಳದ ಉಸುಕು ಬಿಟ್ಟರೆ ಎರಿ ಭೂಮಿಯಲ್ಲಿ ಬೇರೆ ಸೆಲೆ ಯಾಕಿಲ್ಲ ಎಂಬುದಕ್ಕೆ ಉತ್ತರ ಮಣ್ಣಿನಲ್ಲೇ ಇದೆ. ಈ ಕರಿಮಣ್ಣಿನ ಜೇಡಿಯ ಕಣಗಳು ನೀರು ಕುಡಿದರೆ ಉಬ್ಬುತ್ತವೆ. ಮೊದಲ ಮಳೆಗೆ ಬಿರುಕಿನೊಳಗೆ ನೀರು ಗಟಗಟ ಇಳಿಯುವುದೇನೋ ಹೌದು. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಮುಂದಿನ ಮಳೆಗೆ ಬಾಗಿಲು ಬಂದ್. ಒಳಗೆ ಹೋದ ನೀರನ್ನು ಮಣ್ಣು ಹಿಡಿದಿಟ್ಟುಕೊಂಡು ಹಿಂಗಾರಿನ ಕಡಲೆಗೆ, ಜೋಳಕ್ಕೆ ಕೊಡುತ್ತದೆ, ಕೆಳಗಿನ ಬಂಡೆಗೆ ದಾಟಿಸುವುದು ಅಲ್ಪ. ಈ ಗುಣ ಬೆಳೆಗೆ ವರ, ಬಾವಿಗೆ ಶಾಪ. ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ಬಿಸಿಲು ನೀರನ್ನು ಹೀರಿ ಉಪ್ಪನ್ನು ಮಣ್ಣಿನಲ್ಲೇ ಬಿಡುತ್ತದೆ. ಹಾಗಾಗಿ ಬಾವಿ ತೋಡಿದರೂ ಬೋರು ಹಾಕಿದರೂ ಬಹಳ ಕಡೆ ಸವಳೇ ಗತಿ. ಕಾಲುವೆ ನೀರಾವರಿ ಬಂದ ಮೇಲೆ ನೀರು ನಿಂತ ಹೊಲಗಳಲ್ಲಿ ಅಡಿಯ ಉಪ್ಪು ಮೇಲಕ್ಕೆದ್ದು ನೆಲ ಬೆಳ್ಳಗಾಯಿತು. ಮಲಪ್ರಭಾ ಅಚ್ಚುಕಟ್ಟಿನ ರೈತರು ‘ಸವಳು-ಜವಳು’ ಎಂಬ ಜೋಡಿ ಮಾತಿನಲ್ಲಿ ಹೇಳಿಕೊಳ್ಳುವ ಸಂಕಟ ಇದೇ.

ಬಾವಿ ಕೈಕೊಟ್ಟ ನೆಲದಲ್ಲಿ ಹಿರಿಯರು ಕೆರೆ ಕಟ್ಟಿದರು. ಈ ಕೆರೆಗಳು ಗದ್ದೆಗೆ ನೀರು ಹಾಯಿಸುವ ಮಲೆನಾಡಿನ ಅಂಚಿನ ಕೆರೆಗಳಂಥವಲ್ಲ, ಕುಡಿಯುವುದಕ್ಕಾಗಿಯೇ ಇದ್ದವು. ನವಲಗುಂದ ಪಟ್ಟಣಕ್ಕೆ ನೀಲಮ್ಮನ ಕೆರೆ ಇದ್ದಂತೆ ಸುತ್ತಲಿನ ಊರುಗಳಿಗೂ ತಮ್ಮ ತಮ್ಮ ಕೆರೆ. ಮಳೆನೀರು ಕೆಂಪಗೆ ಬಂದು ತುಂಬಿದರೆ ಕೊಡಕ್ಕೆ ಪಟಕ ಆಡಿಸಿ, ಇಲ್ಲವೇ ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯ್ದು ತಿಳಿ ಮಾಡಿಕೊಳ್ಳುತ್ತಿದ್ದರು. ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತಿದ್ದರು.

ಆ ಅರಿವೆಯ ಹಿಂದೆ ಒಂದು ಭಯವೂ ಇತ್ತು. ನಾರುಹುಣ್ಣು. ಮೆಟ್ಟಿಲುಬಾವಿ, ಹೊಂಡಗಳ ನೀರಿನಲ್ಲಿರುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳುವಿನೊಳಗೆ ಇನ್ನೊಂದು ಹುಳುವಿನ ಮರಿ ಅಡಗಿರುತ್ತಿತ್ತು. ನೀರು ಕುಡಿದವನ ಹೊಟ್ಟೆಗೆ ಹೋಗಿ ಒಂದು ವರ್ಷ ಬೆಳೆದು, ಮೊಳಗಟ್ಟಲೆ ಉದ್ದದ ಬಿಳಿ ದಾರವಾಗಿ ಕಾಲಿನಿಂದ ಹೊರಬರುತ್ತಿತ್ತು. ಉರಿ ತಾಳದೆ ಆತ ಕಾಲನ್ನು ನೀರಿಗಿಳಿಸಿದನೋ, ಮರಿಗಳು ಮತ್ತೆ ನೀರು ಸೇರಿದಂತೆ. ಈ ರೋಗ ಕಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು. ಲಸಿಕೆ ಇಲ್ಲ, ಗುಳಿಗೆ ಇಲ್ಲ. ಸೋಸುವ ಅರಿವೆ, ಮೆಟ್ಟಿಲು ಮುಚ್ಚಿದ ಬಾವಿ, ಮನೆಮನೆಗೆ ಹೋಗಿ ಹೇಳಿದ ಮಾತು, ಮುಖ್ಯವಾಗಿ ಇವೇ ಆ ರೋಗವನ್ನು ಓಡಿಸಿದವು. ಸೆಲೆಗೂ ಕೆರೆಗೂ ಇರುವ ವ್ಯತ್ಯಾಸ ಇದರಲ್ಲಿದೆ. ಸೆಲೆಯ ನೀರು ನೆಲದೊಳಗೆ ಸೋಸಿಕೊಂಡು ಬರುತ್ತದೆ, ಬಂದ ಜಾಗದಲ್ಲೇ ಹಿಡಿದರೆ ಯಾರ ಕಾಲೂ ಅದಕ್ಕೆ ತಾಗುವುದಿಲ್ಲ. ಕೆರೆಯ ನೀರಿಗೆ ಊರೆಲ್ಲ ತಾಗುತ್ತದೆ.

1970ರ ದಶಕದ ಆರಂಭದಲ್ಲಿ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. 37.73 ಟಿಎಂಸಿ ಹಿಡಿಯುವ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರು. ಬಲದಂಡೆ ಕಾಲುವೆ ನವಲಗುಂದ, ನರಗುಂದದ ಎರಿ ಹೊಲಗಳತ್ತ ಬಂತು. ಕೆರೆಗಳಿಗೂ ಕಾಲುವೆಯ ನೀರು ಬಂತು. ನೀರಿನ ಜತೆಗೆ ಅಭಿವೃದ್ಧಿ ಕರವೂ ಬಂತು. ಹೊಲಕ್ಕೆ ನೀರು ತಲುಪದವನಿಗೂ ಕರ ಬಿದ್ದಾಗ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ನವಲಗುಂದದಲ್ಲಿ ನಡೆದ ಗೋಲಿಬಾರಿನಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ಕರ್ನಾಟಕದ ರೈತ ಚಳವಳಿ ಹಬ್ಬಿದ್ದು ಆ ನೆತ್ತರಿನಿಂದ. ಇಂದಿಗೂ ಜುಲೈ 21 ಇಲ್ಲಿ ಹುತಾತ್ಮರ ದಿನ.

ಈಗಲೂ ಬೇಸಿಗೆ ಬಂತೆಂದರೆ ಜಲಾಶಯದಿಂದ ಕಾಲುವೆಗೆ ಕುಡಿಯುವ ನೀರು ಬಿಡುತ್ತಾರೆ. ದಾರಿಯಲ್ಲಿ ಯಾರೂ ಪಂಪ್‌ಸೆಟ್ ಹಚ್ಚಬಾರದೆಂದು ಆದೇಶ ಹೊರಡುತ್ತದೆ. ಬಾಯಿಬಿಟ್ಟ ಕಾಲುವೆಯಲ್ಲಿ ಬರುವ ಮೊದಲ ನೀರು ಕಸಕಡ್ಡಿ, ಪ್ಲಾಸ್ಟಿಕ್, ಒಣಗಿದ ಹಾವಸೆ ಎಲ್ಲವನ್ನೂ ನೂಕಿಕೊಂಡು ಬರುತ್ತದೆ. ಅದು ದಾಟಿದ ಮೇಲೆ ಕೆರೆಯ ತೂಬು ತೆರೆಯಬೇಕು. ಎಷ್ಟು ಹೊತ್ತು ಬಿಟ್ಟು ತೆರೆಯಬೇಕೆಂಬುದು ಊರಿನ ನೀರುಗಂಟಿಗೆ ಗೊತ್ತು. ಈಚೆಗೆ ಜಲಾಶಯದಿಂದಲೇ ಕೊಳವೆಯಲ್ಲಿ ಶುದ್ಧೀಕರಿಸಿದ ನೀರು ಕೊಡುವ ಬಹುಗ್ರಾಮ ಯೋಜನೆಯ ಕೆಲಸವೂ ನಡೆದಿದೆ. ಕೊಳವೆಯಾಗಲಿ ಕಾಲುವೆಯಾಗಲಿ, ನೀರು ಅದೇ ಮಲಪ್ರಭೆಯದು.

ಆ ಮಲಪ್ರಭೆ ಹುಟ್ಟುವ ಕನಕುಂಬಿ ಇಲ್ಲಿಂದ ಬಲು ದೂರ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನತ್ತ ಹೋಗುವ ರಸ್ತೆಯಲ್ಲಿರುವ ಖಾನಾಪುರ ತಾಲೂಕಿನ ಊರು, ಮುಂದೆ ಗೋವಾ. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರ. ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆ ನೆಲದಿಂದ ಹೊರಬರುತ್ತಾಳೆ. ಎರಿ ಸೀಮೆಯಿಂದ ಹೋದವನಿಗೆ ಅಲ್ಲಿ ಮೊದಲು ತಾಗುವುದು ತಂಪು. ಎರಡನೆಯದು, ಈ ಪುಟ್ಟ ನೀರೇ ನಮ್ಮ ಹೊಳೆ ಎಂಬ ನಂಬಲಾಗದ ಭಾವ. ಬೊಗಸೆಯಲ್ಲಿ ಹಿಡಿದ ನೀರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗುತ್ತದೆ. ನಡುವೆ ನವಿಲುತೀರ್ಥದಲ್ಲಿ ನಿಂತು, ಒಂದು ಪಾಲು ನಮ್ಮ ಕಡೆಯ ಹಳ್ಳಿಗಳ ಕೆರೆಗೆ, ಒಂದು ಪಾಲು ಹುಬ್ಬಳ್ಳಿ-ಧಾರವಾಡದ ನಳಕ್ಕೆ. ಅಲ್ಲಿ ಆ ನೀರು ಕುಡಿಯುವಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಚಿಕ್ಕಂದಿನಿಂದ ಕುಡಿದದ್ದೇ ಅದು, ಇಲ್ಲಿ ತಂಪಾಗಿ ಸಿಕ್ಕಿತ್ತು ಅಷ್ಟೆ.

ಜಲಾಶಯವನ್ನು ತುಂಬಿಸುವುದು ಸೆಲೆಯೊಂದೇ ಅಲ್ಲ. ಆಷಾಢ, ಶ್ರಾವಣದ ಕೆನ್ನೀರು ಅದರ ದೊಡ್ಡ ಪಾಲು. ನವಲಗುಂದ ವರ್ಷವಿಡೀ ಕಾಣುವ ಮಳೆಯನ್ನು ಕನಕುಂಬಿಯ ಆಷಾಢ ಒಂದೇ ತಿಂಗಳಲ್ಲಿ ಮೀರಿಸುತ್ತದೆ. ಮಳೆ ನಿಂತ ಮೇಲಿನ ಮಾತು ಬೇರೆ. ಜನವರಿಯಿಂದ ಮೇ ತನಕ ಹೊಳೆಯಲ್ಲಿ ಹರಿಯುವ ಹೆಚ್ಚುಕಡಿಮೆ ಪ್ರತಿ ಹನಿಯೂ ನೆಲದೊಳಗಿನಿಂದ ಬಂದದ್ದು. ಆಗ ಹೊಳೆ ಎಂದರೆ ದಂಡೆಯುದ್ದಕ್ಕೂ ಇರುವ ಸಾವಿರ ಸಣ್ಣ ಸೆಲೆಗಳ ಮೊತ್ತ. ಹೆಸರಿಲ್ಲದ ಆ ಸೆಲೆಗಳಿಗೆ ಯಾರೂ ಕಾಯಿ ಒಡೆಯುವುದಿಲ್ಲ.

ಸೆಲೆ ಹೇಗೆ ಹುಟ್ಟುತ್ತದೆಂಬುದನ್ನು ಅಲ್ಲಿಯ ಕಲ್ಲೇ ತೋರಿಸುತ್ತದೆ. ಘಟ್ಟದ ಈ ನೆತ್ತಿಯ ಮೇಲೆ ಜಂಬಿಟ್ಟಿಗೆ ಕಲ್ಲಿನ ಹೊದಿಕೆ. ಜೇನುಗೂಡಿನಂತೆ ತೂತು ತೂತಾದ ಕಲ್ಲು. ಕಾಡಿನ ತರಗೆಲೆ, ಬೇರು ಮಳೆಯ ಹೊಡೆತವನ್ನು ತಡೆದು ನಿಧಾನ ಮಾಡುತ್ತವೆ. ನಿಧಾನವಾದ ನೀರು ಆ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಜೇಡಿಯ ಪದರವೋ ಗಟ್ಟಿ ಬಂಡೆಯೋ ಅಡ್ಡ ಬಂದಾಗ ಮುಂದೆ ಇಳಿಯಲಾರದೆ ಪಕ್ಕಕ್ಕೆ ಸರಿಯುತ್ತದೆ. ಇಳಿಜಾರಿನಲ್ಲಿ ಆ ಪದರ ಎಲ್ಲಿ ಬಯಲಾಗುತ್ತದೋ ಅಲ್ಲಿ ನೀರೂ ಬಯಲಿಗೆ ಬರುತ್ತದೆ. ಮೇಲೆ ಬಿದ್ದ ಮಳೆ ಕೆಳಗೆ ಸೆಲೆಯಾಗಿ ಕಾಣಲು ವಾರ ಹಿಡಿಯಬಹುದು, ತಿಂಗಳುಗಳೇ ಹಿಡಿಯಬಹುದು. ಆ ವಿಳಂಬವೇ ನಮಗೆ ಏಪ್ರಿಲ್ಲಿನ ನೀರು. ಮೇಲಿನ ಕಾಡು ಬೋಳಾದರೆ ಮಳೆ ಅಷ್ಟೇ ಬಿದ್ದೀತು. ಆದರೆ ಜುಲೈಯಲ್ಲಿ ಓಡಿಹೋಗಿ ಏಪ್ರಿಲ್ಲಿಗೆ ಏನೂ ಉಳಿದಿರುವುದಿಲ್ಲ. ಗುಡ್ಡದ ಹೊಟ್ಟೆಯನ್ನು ಕಂದಕ ಹೊಡೆದು ಸೀಳಿದರಂತೂ ಸೆಲೆ ತನ್ನ ಹಾದಿಯನ್ನೇ ಬದಲಿಸುತ್ತದೆ.

ಅದೇ ನೆತ್ತಿಯ ಇನ್ನೊಂದು ಮಗ್ಗುಲಿಗೆ ಬಿದ್ದ ನೀರು ಪಡುವಣಕ್ಕೆ ಇಳಿಯುತ್ತದೆ. ಭೀಮಗಡದ ಕಾಡಿನ 30 ಸೆಲೆಗಳ ಗೊಂಚಲಿನಿಂದ ಹುಟ್ಟುವ ನದಿ ಎಂದೇ ಮಹದಾಯಿಯನ್ನು ವರ್ಣಿಸುತ್ತಾರೆ. ಅದರ ಮೂಲದ ಊರು ದೇಗಾಂವ, ಅದೂ ಖಾನಾಪುರ ತಾಲೂಕು. ಮುಂದೆ ಗೋವಾದಲ್ಲಿ ಅದು ಮಾಂಡೋವಿ. ಕಳಸಾ, ಬಂಡೂರಿ ಇದೇ ನದಿಯನ್ನು ಸೇರುವ ಹಳ್ಳಗಳು. ಅವುಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಕುಡಿಯಲು ಕೊಡಿ ಎಂಬುದು ನವಲಗುಂದ-ನರಗುಂದದ ಕೂಗು. ಕೇಳಿದ್ದು 7.56 ಟಿಎಂಸಿ. 2015ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. 2016ರ ಜುಲೈಯಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಹೊತ್ತಿ ಉರಿಯಿತು. ಅದೇ ತಾಲೂಕಿನ ಯಮನೂರಿನಲ್ಲಿ ಮನೆಯೊಳಗಿದ್ದ ಹೆಣ್ಣುಮಕ್ಕಳು, ಮುದುಕರ ಮೇಲೂ ಲಾಠಿ ಬಿದ್ದ ದೃಶ್ಯಗಳನ್ನು ನಾಡು ನೋಡಿತು. 2018ರ ಆಗಸ್ಟ್ 14ರಂದು ಅಂತಿಮ ತೀರ್ಪು ಬಂತು: ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಬಹುದು. 2020ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಟಿತು. 2022ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿತು.

ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಜಲಜೀವನ ಯೋಜನೆಯ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಹಿಡಿದರೆ, ಸೋರಿಕೆ, ಆವಿ ಬದಿಗಿಟ್ಟು, 3.9 ಟಿಎಂಸಿ ಸುಮಾರು 55 ಲಕ್ಷ ಜನರಿಗೆ ವರ್ಷವಿಡೀ ಸಾಕು. ಈ ಲೆಕ್ಕ ಹಾಕಿದಾಗಲೆಲ್ಲ ನನಗೆ ಎರಡು ಮಾತು ಒಟ್ಟಿಗೆ ತೋಚುತ್ತವೆ. ಒಂದು, ಕುಡಿಯಲು ಕೇಳುವವರ ಬೇಡಿಕೆ ನ್ಯಾಯದ್ದು. ಇನ್ನೊಂದು, ಸೆಲೆ ಉಳಿದರೆ ಮಾತ್ರ ತೀರ್ಪಿನ ಅಂಕಿಗೆ ಬೆಲೆ. ಭೀಮಗಡ 2011ರಿಂದ ವನ್ಯಧಾಮ, ಸುಮಾರು 190 ಚದರ ಕಿಲೋಮೀಟರ್. ಅದನ್ನು ಕಾಯುವುದು ಹುಲಿಗೆ, ಬಾವಲಿಗೆ ಮಾಡಿದ ಉಪಕಾರ ಎಂಬಂತೆ ನಮ್ಮ ಕಡೆ ಮಾತಾಡುವುದುಂಟು. ಆ ಕಾಡು ತಿರ್ಲಾಪುರದ ಕೆರೆಯ ಮೇಲ್ದಂಡೆ. ಮೇಲ್ದಂಡೆ ಒಡೆದರೆ ಕೆರೆ ಉಳಿಯುವುದಿಲ್ಲ ಎಂಬುದನ್ನು ಕೆರೆ ಕಟ್ಟಿದವರ ಮೊಮ್ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ನೀರು ತಿರುಗಿಸುವ ಕೆಲಸ ನಡೆಯುವಾಗ ಒಂದು ಮರ ಕಡಿಮೆ ಬೀಳಲಿ, ಒಂದು ಕಂದಕ ಕಡಿಮೆ ತೋಡಲಿ, ಬಾಯಿಬಿಟ್ಟ ಕಾಲುವೆಗಿಂತ ಕೊಳವೆಯೇ ಆಗಲಿ ಎಂದು ಮೊದಲು ಕೇಳಬೇಕಾದವರು ನೀರು ಕುಡಿಯುವ ನಾವು.

ಸೆಲೆಯ ನೀರನ್ನೇ ಕುಡಿದು ಬಾಳಿದ ಕನ್ನಡಿಗರು ಅದಕ್ಕೆ ಎಂಥ ಅಕ್ಕರೆ ತೋರಿದ್ದಾರೆಂದು ನೋಡಬೇಕು. ಶಿರಸಿ, ಸಿದ್ದಾಪುರ, ಹೊಸನಗರದ ಗುಡ್ಡದ ಮನೆಗಳಲ್ಲಿ ಅಬ್ಬಿ ನೀರು ಇವತ್ತಿಗೂ ಇದೆ. ಬೆಟ್ಟದ ಸೆಲೆಯಿಂದ ಅಡಿಕೆ ದಬ್ಬೆಯ ಹಾದಿಯಲ್ಲಿ ನೀರು ಹಿತ್ತಲಿನ ಕಲ್ಲುಮರಿಗೆಗೆ ಬಂದು ಬೀಳುತ್ತದೆ. ಹಗಲೂ ರಾತ್ರಿ ಆ ಸದ್ದು. ಕರೆಂಟು ಬೇಡ, ಗಾಲಿ ಬೇಡ, ಹಗ್ಗ ಬೇಡ. ಈಗ ದಬ್ಬೆಯ ಜಾಗದಲ್ಲಿ ಪ್ಲಾಸ್ಟಿಕ್ ಕೊಳವೆ ಬಂದಿದೆ. ಅಬ್ಬಿಯ ಮೇಲಿನ ಬೆಟ್ಟಕ್ಕೆ ಕೊಡಲಿ ಹಾಕಿದವರಿಗೆ ಬೇಸಿಗೆಯಲ್ಲಿ ದಬ್ಬೆ ಒಣಗಿದಾಗ ತಪ್ಪು ತಿಳಿಯುತ್ತದೆ. ತಪ್ಪಿನ ಫಲ ಮಾಡಿದವನ ಹಿತ್ತಲಿನಲ್ಲೇ ಕಾಣುವುದು ಅಲ್ಲಿಯ ಪುಣ್ಯ. ನಮ್ಮ ಸೀಮೆಯಲ್ಲಿ ತಪ್ಪು ಖಾನಾಪುರದಲ್ಲಿ ಆಗುತ್ತದೆ, ಕೊಡ ನವಲಗುಂದದಲ್ಲಿ ಬರಿದಾಗುತ್ತದೆ.

ಕಾಸರಗೋಡು, ದಕ್ಷಿಣ ಕನ್ನಡದವರು ಸೆಲೆಯನ್ನು ಹುಡುಕಿಕೊಂಡು ಗುಡ್ಡದ ಒಳಗೇ ಹೋದರು. ಬಾಯಾರು, ಎಣ್ಮಕಜೆಯ ಕಡೆ ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ಹೋಗುವಷ್ಟು ಅಗಲ, ತುದಿಯಲ್ಲಿ ಜಿನುಗುವ ನೀರು, ಅದು ತಾನಾಗಿ ಹೊರಗೆ ಹರಿದು ಕೊಳಕ್ಕೆ. ಅಡ್ಯನಡ್ಕ ಬಳಿಯ ಅಮೈಯ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮಾಡುತ್ತ, ಸಿಕ್ಕ ಒಣ ಗುಡ್ಡದ ತುಂಡಿನಲ್ಲಿ ದೀಪ ಹಿಡಿದು ಒಬ್ಬರೇ ಸುರಂಗ ತೋಡಿದರು. ಒಂದರ ಹಿಂದೆ ಒಂದು ವಿಫಲವಾದರೂ ಬಿಡಲಿಲ್ಲ. ಕೊನೆಗೆ ಬಂದ ನೀರಿನಿಂದ ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತುಮಕೂರಿನ ಪಾವಗಡ, ಮಧುಗಿರಿ, ಕೊರಟಗೆರೆಯ ಒಣ ಸೀಮೆಯಲ್ಲಿ ತಲಪರಿಗೆಗಳಿವೆ. ಕೆರೆಯ ಅಂಗಳದ ಉಸುಕಿನಲ್ಲಿ ಉಕ್ಕುವ ಊಟೆಗೆ ಕಲ್ಲು ಕಟ್ಟಿ, ಕಾಲುವೆ ತೋಡಿ, ವರ್ಷಕ್ಕೊಮ್ಮೆ ಊರೇ ಸೇರಿ ಹೂಳು ತೆಗೆಯುವ ಪದ್ಧತಿ. ಬರದ ವರ್ಷಗಳಲ್ಲೂ ನೀರು ಕೊಟ್ಟ ಊಟೆಗಳು ಅವು. ಬೋರು ಬಂದ ಮೇಲೆ ಬಹಳಷ್ಟು ಬತ್ತಿದವು.

ದೂರದಿಂದ ಬಂದ ಸೆಲೆಯ ನೀರು ಕೆಡಲೇಬೇಕೆಂದಿಲ್ಲ ಎಂಬುದಕ್ಕೆ ವಿಯೆನ್ನಾ ಸಾಕ್ಷಿ. ಕಾಲರಾ, ವಿಷಮಶೀತ ಜ್ವರದಿಂದ ಬೇಸತ್ತ ಆ ನಗರ 1873ರಲ್ಲಿ ಆಲ್ಪ್ಸ್ ಪರ್ವತದ ಸೆಲೆಗಳ ನೀರನ್ನು ಮುಚ್ಚಿದ ಕಾಲುವೆಯಲ್ಲಿ ತಂದುಕೊಂಡಿತು. 1910ರಲ್ಲಿ ಎರಡನೆಯ ಹಾದಿ ಬಂತು. ನೂರಾರು ಕಿಲೋಮೀಟರ್‌ಗಳ ದಾರಿಯಲ್ಲಿ ನೀರು ಇಳಿಜಾರಿನ ಬಲದಿಂದಲೇ ಬರುತ್ತದೆ. ಸೆಲೆಗಳ ಮೇಲಿನ ಕಾಡನ್ನು ನಗರವೇ ಕೊಂಡು ಕಾಯುತ್ತಿದೆ. 2001ರಲ್ಲಿ ಈ ನೀರಿನ ರಕ್ಷಣೆಯನ್ನು ತನ್ನ ಸಂವಿಧಾನದ ಮಾತಾಗಿ ಬರೆದುಕೊಂಡಿತು. ಆ ನಗರದ ಸಿರಿವಂತಿಕೆಯನ್ನು ನಮ್ಮ ಹಳ್ಳಿಗಳೊಂದಿಗೆ ತೂಗಿ ನೋಡುವುದು ಸರಿಯಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಸಂಗತಿ: ಅಲ್ಲಿ ನಳ ತಿರುಗಿಸುವವನಿಗೆ ನೀರು ಬರುವ ಬೆಟ್ಟದ ಹೆಸರು ಗೊತ್ತಿದೆ. ನಮ್ಮ ಎಷ್ಟು ಮಕ್ಕಳಿಗೆ ಕನಕುಂಬಿ ಗೊತ್ತು?

ನಮ್ಮ ಮಕ್ಕಳಿಗೆ ಗೊತ್ತಿರುವುದು ಫಿಲ್ಟರ್ ನೀರು. ಊರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಸವಳಿನ ಸೀಮೆಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯೇ ಇಲ್ಲದಿದ್ದರೆ 2,000 ದಾಟದಿರಲಿ, ಫ್ಲೋರೈಡ್ 1.5 ಮೀರದಿರಲಿ ಎನ್ನುತ್ತದೆ ಭಾರತೀಯ ಮಾನಕ. ಬೋರಿನ ನೀರು ಈ ಗೆರೆ ಮೀರಿದ ಕಡೆ ಘಟಕ ಬೇಕೇ ಬೇಕು. ಆದರೆ ಅದು ಒಂದು ಕೊಡ ಕೊಡಲು ಸಾಕಷ್ಟು ಉಪ್ಪುನೀರನ್ನು ಹೊರಗೆ ಬಿಡುತ್ತದೆ, ಆ ನೀರು ಚರಂಡಿಯಿಂದ ಮತ್ತೆ ಎರಿಮಣ್ಣಿಗೇ ಹೋಗುತ್ತದೆ. ಯಂತ್ರ ಕೆಟ್ಟರೆ ದುರಸ್ತಿಗೆ ವಾರಗಟ್ಟಲೆ ಕಾಯಬೇಕು. ಇನ್ನು ಅಂಗಡಿಯ ಬಾಟಲಿ. ಜಾತ್ರೆಗೆ ಹೋದವರು ‘ಮಿನರಲ್ ವಾಟರ್’ ಎಂದು ಕೊಳ್ಳುವುದರಲ್ಲಿ ಬಹುಪಾಲು ಸಂಸ್ಕರಿಸಿದ ಬೋರಿನ ನೀರು. ಬಾಟಲಿಯ ಮೇಲೆ ಐಎಸ್ 14543 ಎಂದಿದ್ದರೆ ಅದು ಸಂಸ್ಕರಿಸಿ ತುಂಬಿದ ನೀರು. ನೆಲದ ಮೂಲದಿಂದ ಇದ್ದ ಹಾಗೇ ತುಂಬಿದ ಖನಿಜ ಜಲಕ್ಕೆ ಬೇರೆಯೇ ಸಂಖ್ಯೆ, ಐಎಸ್ 13428.

ಸೆಲೆಯ ನೀರೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕುಡಿಯಬಾರದು ಎಂಬುದನ್ನೂ ಹೇಳಬೇಕು. ತಿಳಿ ಬೇರೆ, ಶುದ್ಧ ಬೇರೆ. ಸೆಲೆಯ ಮೇಲಿನ ಇಳಿಜಾರಿನಲ್ಲಿ ಕಕ್ಕಸಿನ ಗುಂಡಿ, ದನದ ಕೊಟ್ಟಿಗೆ ಇದ್ದರೆ ಅದರ ಹೊಲಸು ಜಂಬಿಟ್ಟಿಗೆಯ ದೊಡ್ಡ ತೂತುಗಳಲ್ಲಿ ಸೋಸಿಕೊಳ್ಳದೆಯೇ ಬಂದುಬಿಡುತ್ತದೆ. ಪರೀಕ್ಷೆ ಸುಲಭ. ಹಳ್ಳಿಗೆ ಐವರು ಹೆಣ್ಣುಮಕ್ಕಳಂತೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡು ಜಲಜೀವನ ಯೋಜನೆಯಲ್ಲಿದೆ. ಸಣ್ಣ ಬಾಟಲಿಗೆ ನೀರು ತುಂಬಿಟ್ಟು ಒಂದೆರಡು ದಿನ ಬಿಟ್ಟರೆ, ಮಲದ ಸೋಂಕು ಇದ್ದಲ್ಲಿ ಬಣ್ಣ ಕಪ್ಪಾಗುತ್ತದೆ. ಬೇಳೆ ಕುದಿಸಿ ಗಡಸು ಕಂಡುಹಿಡಿದ ಅಜ್ಜಿಯರ ಮೊಮ್ಮಕ್ಕಳಿಗೆ ಈ ವಿದ್ಯೆ ಕಷ್ಟವಲ್ಲ.

ಸೆಲೆಯನ್ನು ಅಳೆಯುವುದು ಇನ್ನೂ ಸುಲಭ. ಒಂದು ಬಕೆಟ್, ಒಂದು ಗಡಿಯಾರ ಸಾಕು. ನಿಮಿಷಕ್ಕೆ 10 ಲೀಟರ್ ಬರುವ, ಕಣ್ಣಿಗೆ ಕಿರುಬೆರಳಿನಷ್ಟು ಕಾಣುವ ಸೆಲೆ ದಿನಕ್ಕೆ 14,400 ಲೀಟರ್ ಕೊಡುತ್ತದೆ. ಅದು ಸುಮಾರು 260 ಜನರ ದಿನದ ನೀರು. ಪ್ರತಿ ತಿಂಗಳು ಅಳೆದು ಬರೆದಿಟ್ಟರೆ ಐದಾರು ವರ್ಷಗಳಲ್ಲಿ ಸೆಲೆ ಏರುತ್ತಿದೆಯೋ ಸೊರಗುತ್ತಿದೆಯೋ ತಿಳಿಯುತ್ತದೆ. ನೀತಿ ಆಯೋಗದ 2018ರ ವರದಿಯ ಪ್ರಕಾರ ದೇಶದ ಅಂದಾಜು 50 ಲಕ್ಷ ಸೆಲೆಗಳಲ್ಲಿ 30 ಲಕ್ಷ ಹಿಮಾಲಯದಲ್ಲೇ ಇವೆ, ಅಲ್ಲಿಯ ಅರ್ಧದಷ್ಟು ಬತ್ತುತ್ತಿವೆ. ಸಿಕ್ಕಿಂ 2008ರಿಂದ ಗುಡ್ಡದ ಮೇಲೆ ಇಂಗುಗುಂಡಿ ತೋಡಿ ಬತ್ತಿದ ಸೆಲೆಗಳಿಗೆ ಮರುಜೀವ ಕೊಡುತ್ತಿದೆ. ನಮ್ಮ ಜಿಲ್ಲೆಯಲ್ಲೇ ಶಾಲ್ಮಲೆ ಹುಟ್ಟುವ ಧಾರವಾಡದ ಸೋಮೇಶ್ವರ ಇದೆ. ಅಲ್ಲಿಂದ ಹೊರಟ ನೀರು ಪಡುವಣ ಕಡಲಿಗೆ, ಆಚೆ ಬದಿಯ ಬೆಣ್ಣೆಹಳ್ಳ, ತುಪರಿಹಳ್ಳಗಳ ನೀರು ಮಲಪ್ರಭೆಯ ಹಾದಿಯಲ್ಲಿ ಮೂಡಣ ಕಡಲಿಗೆ. ಅಳೆಯುವ ಕೆಲಸ ಕಲಿಯಬೇಕೆನ್ನುವ ಶಾಲೆಯ ಮಕ್ಕಳು ಅಲ್ಲಿಂದಲೇ ಆರಂಭಿಸಬಹುದು.

ನನ್ನದೊಂದು ಆಸೆ ಇದೆ. ಪ್ರತಿ ಜುಲೈ 21ಕ್ಕೆ ನವಲಗುಂದದಲ್ಲಿ ಹುತಾತ್ಮ ರೈತರಿಗೆ ನಮಿಸಿದ ಮೇಲೆ ಒಂದು ಬಸ್ಸು ಕನಕುಂಬಿಗೆ ಹೊರಡಬೇಕು. ತಿರ್ಲಾಪುರ, ಅಳಗವಾಡಿ, ಮೊರಬ, ಯಮನೂರಿನಿಂದ ಒಬ್ಬೊಬ್ಬರಾದರೂ ಅದರಲ್ಲಿರಬೇಕು. ಕೊಡ ಹೊರುವವರು ಹೆಂಗಸರಾದ್ದರಿಂದ ಅವರೇ ಹೆಚ್ಚಿರಬೇಕು. ಅಲ್ಲಿಯ ಊರಿನವರ ಜತೆ ಕೂತು ರೊಟ್ಟಿ ಬುತ್ತಿ ಬಿಚ್ಚಿ, ಕಾಡಿನ ಕಾವಲು ಹೇಗಿದೆ, ಅವರ ಕಷ್ಟವೇನು ಎಂದು ಕೇಳಿ ಬರಬೇಕು. ಸೆಲೆಯನ್ನು ಉಳಿಸಿಕೊಟ್ಟವರು ಅವರು, ಇಷ್ಟು ದಿನ ನಾವು ಅವರ ಹೆಸರನ್ನೂ ಕೇಳಿಲ್ಲ. ಜುಲೈಯಲ್ಲಿ ಅಲ್ಲಿ ಮಳೆ ಬಿಡುವು ಕೊಡುವುದಿಲ್ಲ. ಯಾವುದು ಸೆಲೆಯ ನೀರು, ಯಾವುದು ಮೋಡದ್ದು ಎಂದು ಬೇರೆ ಮಾಡಲಾಗುವುದಿಲ್ಲ. ಆದ್ದರಿಂದ ಬಕೆಟ್ ಮತ್ತು ಗಡಿಯಾರ ಹಿಡಿದು ಏಪ್ರಿಲ್ಲಿನಲ್ಲಿ ಇನ್ನೊಮ್ಮೆ ಹೋಗಬೇಕು.